ಎರಡನೇ ನಿಮಿಷದಿಂದ ಕೇಳಿ

ಮಾರ್ಚ್ 6, ಗುರುವಾರ

ಕ್ಷಮೆ ಇರಲಿ. ಇನ್ನು ಬರೆಯಬಾರದು ಅಂದುಕೊಂಡಿದ್ದೆ. ಬೋರ್ಡಿಂಗ್ ಶಾಲೆಯಲ್ಲಿ ವಾರ್ಡನ್ ನನ್ನ ಡೈರಿಯನ್ನು ಊಟದ ಹಾಲ್‌ನಲ್ಲಿ ಗಟ್ಟಿಯಾಗಿ ಓದಿದ ಮೇಲೆ ಬಿಟ್ಟೇಬಿಟ್ಟಿದ್ದೆ. ಆದರೆ ಓದಲು ಅಡಿಲೇಡಿಗೆ ಬಂದು ಎರಡು ವಾರ... ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದೆ ಬಾಯಿ ಒಣಗಿದೆ.

ಇವತ್ತೂ ಟ್ರಾಮ್ ಹತ್ತಿ ಕಡಲಿನವರೆಗೆ ಹೋದೆ. ಕಿವಿಯಲ್ಲಿ ಕ್ರೈಮ್ ಪಾಡ್‌ಕಾಸ್ಟ್. ಮೂಳೆಯ ಮೇಲೆ ಬೇರು ಹಬ್ಬಿದ ಗುರುತು ನೋಡಿ ಸತ್ತು ಎಷ್ಟು ಕಾಲ ಕಳೆದಿದೆ ಅಂತ ಅಂದಾಜು ಮಾಡಬಹುದಂತೆ. ಅದನ್ನು ಹೇಳಿದ ತಜ್ಞೆಯ ಧ್ವನಿ, ಬಿಸಿಲು, ನೀರು — ಯಾವುದು ಎಲ್ಲಿ ಮುಗಿಯಿತೋ ತಿಳಿಯಲಿಲ್ಲ.

ಸಂಜೆ ಹಾಸ್ಟೆಲ್‌ನಲ್ಲಿ ಕ್ರೈಮ್ ಕೂಟ. ಇರುವುದು ಮೂವರೇ — ಸೀನಿಯರ್ ಡೆಕ್ಲನ್, ಪಕ್ಕದ ರೂಮಿನ ಟಾರ್ನಿ, ನಾನು. ವಾರಕ್ಕೊಬ್ಬರು ಒಂದು ಕೇಸಿನ ಪಾಡ್‌ಕಾಸ್ಟ್ ಶಿಫಾರಸು ಮಾಡಬೇಕು. ಚೀಟಿಯಲ್ಲಿ ಎಷ್ಟನೇ ನಿಮಿಷದಿಂದ ಕೇಳಬೇಕು ಅಂತ ಬರೆಯಲೇಬೇಕು. ಜಾಹೀರಾತು, ಪೀಠಿಕೆ ಎಲ್ಲ ಹಾರಿಸಿ. ಡೆಕ್ಲನ್ ಮಾಡಿದ ನಿಯಮ.

“ವಿನ್ನಿ, ನೀನು ಬಂದ ದಿನ ಹೇಳಿದ ವಿಷದ ಕೇಸಿಗಿಂತ ನಮ್ಮಜ್ಜಿ ಹೊಲಿಗೆ ಕ್ಲಾಸೇ ವಾಸಿ,” ಎಂದು ಡೆಕ್ಲನ್ ನನ್ನ ಕಾಲೆಳೆದ.

“ಸುಮ್ನಿರೋ,” ಎಂದಳು ಟಾರ್ನಿ. “ನೀನು ಕೊಲೆಗಾರನ ಹೆಸರನ್ನ ಚೀಟೀಲೇ ಬರೆದಿದ್ದೆ!”

ಆಮೇಲೆ ಕಪ್ಪೆಯ ಆಕಾರದ ತನ್ನ ಹಸಿರು ಕೇಕನ್ನು ಎರಡು ಭಾಗ ಮಾಡಿದಳು. “ತಲೆ ನಿಂಗೆ ಕಣೆ. ಅದು ನನ್ನೇ ನೋಡ್ತಿದ್ರೆ ತಿನ್ನೋಕಾಗಲ್ಲ.”

ಗೆಳತಿ ಸಿಕ್ಕಳು. ಬಹುಶಃ.

ಮಾರ್ಚ್ 13, ಸಂಜೆ

ಕೂಟದಲ್ಲಿ ನನ್ನ ಮೊದಲ ಸರದಿ. ಮೂರು ಸಲ ಕೈ ತೊಳೆದೆ. ಇಪ್ಪತ್ತು ವರ್ಷದ ಹಿಂದೆ ಉಪ್ಪುಕೆರೆಯ ಬಳಿ ಕಾಣೆಯಾದ ಹೆಂಗಸಿನ ಕೇಸು ಕೊಟ್ಟೆ. ಮೂಳೆಗಳು ಮಾತ್ರ ಸಿಕ್ಕವು, ಎಷ್ಟೋ ವರ್ಷದ ಮೇಲೆ. ಫೋನಿನಲ್ಲಿ ಬಿಟ್ಟಿದ್ದ ಅವಳದೇ ಧ್ವನಿ ಕೇಳಿಸುತ್ತಾರೆ — ಭಾನುವಾರ ಬರ್ತೀನಿ, ಮೀನು ತೆಗೆದಿಡಿ.

ಚೀಟಿ: ಕೇಳಲೇಬೇಕು! ಧ್ವನಿ ಕನಸಿನ ಹಾಗಿದೆ. ಎರಡನೇ ನಿಮಿಷದಿಂದ.

ಮಾರ್ಚ್ 14

ತಿಂಡಿಗೆ ಟಾರ್ನಿ ಇಲ್ಲ. ರೂಮಿನ ಬಾಗಿಲು ತಟ್ಟಿದೆ. ಚೀಲ ಹೆಗಲಿಗೇರಿಸಿ ನಿಂತಿದ್ದಳು.

“ಕನಸಿನ ಹಾಗಿದೆ ಅಂತ ಬರೆದಿದ್ದೆಯಲ್ಲ, ವಿನ್ನಿ. ಅದು ನಮ್ಮಮ್ಮನ ತಂಗಿ.”

ಚೀಲದ ಪಟ್ಟಿ ಬಿಗಿದುಕೊಂಡಳು.

“ಮೊದಲನೇ ನಿಮಿಷ ಕೇಳಿದ್ದಿದ್ರೆ ನಾನು ಅಲ್ಲೇ ನಿಲ್ಲಿಸ್ತಿದ್ದೆ.”

ಊರಿಗೆ ಹೊರಟಿದ್ದಳು, ಈ ರಾಜ್ಯದ ಪಶ್ಚಿಮ ಕರಾವಳಿಯ ಬಸ್ಸಿಗೆ. ಹನ್ನೊಂದು ತಾಸಿನ ದಾರಿ. ವಾಪಸ್ ಬರ್ತೀಯಾ ಅಂತ ಕೇಳುವಷ್ಟರಲ್ಲಿ ಲಿಫ್ಟ್ ಮುಚ್ಚಿತು.

ಮಾರ್ಚ್ 17

ಮೊದಲನೇ ನಿಮಿಷ ಕೇಳಿದೆ. ‘ಮೂಲನಿವಾಸಿ ಕೇಳುಗರ ಗಮನಕ್ಕೆ. ತೀರಿಕೊಂಡವರ ಹೆಸರು ಮತ್ತು ಧ್ವನಿ ಇದರಲ್ಲಿದೆ.’ ಅಷ್ಟೇ. ಇದೇ ದೇಶದಲ್ಲಿ ಬೆಳೆದವಳು, ಚಿಕ್ಕಂದಿನಿಂದ ಟಿವಿಯಲ್ಲಿ ಸಾವಿರ ಸಲ ಕೇಳಿದ್ದೇನೆ. ಟ್ರಾಮ್ ಗಂಟೆಯ ಹಾಗೆ, ಕಿವಿಗೆ ಬಿದ್ದರೂ ಕೇಳಿಸಿರಲಿಲ್ಲ. ಟಾರ್ನಿ ಮೂಲನಿವಾಸಿ; ಅವಳ ಮನೆಯಲ್ಲಿ ತೀರಿಹೋದವರ ಹೆಸರು ಎತ್ತುವುದಿಲ್ಲ, ಧ್ವನಿ ಹಾಕುವುದಿಲ್ಲ, ಮನೆಯವರೇ ಒಪ್ಪುವವರೆಗೆ. ಆ ಎಚ್ಚರಿಕೆಯ ಬಾಗಿಲನ್ನು ನಾನು ಪೀಠಿಕೆ ಅಂತ ಹಾರಿಸಿದೆ.

ಮಾರ್ಚ್ 20, ಗುರುವಾರ

ಕಿವಿಯಲ್ಲಿ ಏನೂ ಇಲ್ಲದೆ ಟ್ರಾಮ್. ಕಡಲಿಗೆ ಅದರದೇ ಸದ್ದಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ಮರಳಿನಲ್ಲಿ ಯಾರೋ ‘ಭಾನುವಾರ’ ಅಂದ ಹಾಗಾಯಿತು... ತಿರುಗಿದೆ. ಸೀಗಲ್ ಹಕ್ಕಿ.

ಕೂಟದಲ್ಲಿ ಡೆಕ್ಲನ್‌ಗೆ ಎಲ್ಲ ಹೇಳಿದೆ. ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. “ನಿಯಮ ಮಾಡಿದ್ದು ನಾನೇ ಅಲ್ವಾ,” ಎಂದ. ಹಳೆಯ ಚೀಟಿಗಳ ಡಬ್ಬಿ ಕಸಕ್ಕೆ ಸುರಿದ.

ಮಾರ್ಚ್ 23, ಭಾನುವಾರ

ಏಳು ಸಲ ಟೈಪ್ ಮಾಡಿ ಅಳಿಸಿದೆ. ಮೊದಲು ಇಲ್ಲಿ ಬರೆದು, ಆಮೇಲೆ ಕಳಿಸುತ್ತೇನೆ.

ಟಾರ್ನಿ, ತಪ್ಪು ನಂದೇ. ಆ ಹೆಸರು ನನ್ನ ಬಾಯಲ್ಲಿ ಇನ್ನು ಬರಲ್ಲ. ಎಪಿಸೋಡ್ ಫೋನಿಂದ ಅಳಿಸಿದೀನಿ. ಕೂಟದಲ್ಲಿ ಇನ್ಮೇಲೆ ಎಲ್ಲಾನೂ ಮೊದಲನೇ ನಿಮಿಷದಿಂದಲೇ. ನೀನು ಕೂಟಕ್ಕೆ ಬರದಿದ್ರೂ ಸರಿ, ಪಕ್ಕದ ರೂಮಿಗೆ ಬಾ. ಕಪ್ಪೆ ಕೇಕ್ ತಂದು ತಲೆ ಭಾಗ ತಿಂದಿದೀನಿ, ಉಳಿದರ್ಧ ಫ್ರಿಜ್ಜಲ್ಲಿದೆ. ಬರ್ತೀಯೋ ಇಲ್ವೋ, ಒಂದೇ ಪದ ಸಾಕು. ಬೇಗ ಉತ್ತರ ಕಳಿಸು.