ಕೆಂಪು ಚುಕ್ಕೆಯ ಆಮೆ

ಅಕ್ಕಾ,

ಕಡಲಿನ ಆಮೆಗಳೆಲ್ಲ ಈಗ ನನ್ನನ್ನು ಹೆಸರು ಹಿಡಿದು ಕರೆಯುತ್ತವೆ. ನಗಬೇಡ. ನೀನು ತೀರಿಕೊಂಡ ಮೇಲೆ, ನೀನು ಮಾಡುತ್ತಿದ್ದಂತೆಯೇ, ಪ್ರತಿ ಭಾನುವಾರ ಮೀನಿನವನಿಂದ ಒಂದು ಆಮೆ ಕೊಂಡು ದಡದಲ್ಲಿ ಬಿಡುತ್ತಿದ್ದೆ. ಎಲ್ಲವೂ ಒಂದೇ ಥರ ಕಂಡು ಅನುಮಾನ ಹತ್ತಿತು. ಹೋದ ವಾರ ಚಿಪ್ಪಿನ ಅಡಿಗೆ ನಿನ್ನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟೆ.

ಇವತ್ತು ಅದೇ ಚುಕ್ಕೆ ಅವನ ಬುಟ್ಟಿಯಲ್ಲಿತ್ತು. ಮುಂಗಾಲಿನಲ್ಲಿ ಬಲೆ ಕೊಯ್ದ ಗಾಯ, ಹಳೆಯದರ ಮೇಲೆ ಹೊಸದು.

"ಇದನ್ನೇ ಮತ್ತೆ ಹಿಡಿದ್ಯೇನೋ?"

"ನೀವು ಕೊಳ್ತೀರ ಅಂತಾನೇ ಹಿಡಿಯೋದು ಮಾವ. ಇನ್ಯಾರಿಗೆ ಬೇಕು ಇದು?"

ಕೊನೆಯ ಸಲವೆಂದು ಕೊಂಡು, ದೋಣಿಯಲ್ಲಿ ದೂರ ಹೋಗಿ ಬಿಟ್ಟುಬಂದೆ.

ಮನೆಯಲ್ಲಿ, ಇಷ್ಟು ಭಾನುವಾರಗಳ ಆಮೆ ಖರ್ಚು ಒಟ್ಟು ನಾಲ್ಕು ಸಾವಿರ ಎಂದಿದ್ದೇನೆ. ಆ ಗಾಯಕ್ಕೆ ನಾನು ಕೊಟ್ಟದ್ದು ಹದಿನೆಂಟು ಸಾವಿರದ ಆರುನೂರು.