ಬಣ್ಣ ಹಚ್ಚದೆ ಬಿಟ್ಟ ಜಾಗ

ಕಕ್ಕಬೆ

ತುಳಸಿಯವರೇ,

ಇದನ್ನು ಹೇಳದೆಯೇ ಚಿತ್ರ ಕಳಿಸಿಬಿಡುವವಳಿದ್ದೆ. ನೀವು ಕೇಳಿದ, ನಿಮ್ಮೂರಿನ ಬೆಟ್ಟದ ಜಲವರ್ಣದಲ್ಲಿ ನಿಮ್ಮ ತವರುಮನೆ ಇಲ್ಲ. ಯಾರ ಬಳಿಯೂ ಕಲಿಯದ ನನಗೆ ಹೆಂಚಿನ ಮಾಡು ಬಿಡಿಸಲು ಬರುವುದಿಲ್ಲ. ಮಂಜು ಕವಿದಂತೆ ಕಾಣಲೆಂದು ಅಲ್ಲಿ ಬಣ್ಣ ಹಚ್ಚದೆ ಬಿಟ್ಟೆ. ನಿಮ್ಮ ಅಮ್ಮ ನೋಡಿ, "ನಮ್ ಮನೆ ಒಂದೇ ಬಿಟ್ರಲ್ಲ ಮೇಡಂ, ನನ್ ಕಾಫಿ ಅಷ್ಟು ಕೆಟ್ಟದಾಗಿತ್ತಾ?" ಎಂದು ನಕ್ಕಿದ್ದರು. ಮರುತಿಂಗಳು ಗುಡ್ಡ ಕುಸಿಯಿತು. ಮನೆಯೂ ಉಳಿಯಲಿಲ್ಲ, ಅವರೂ ಉಳಿಯಲಿಲ್ಲ.

ಈಗಲೂ ಆ ಮನೆಯಿದ್ದ ದಾರಿಯಲ್ಲೇ ನಡೆಯುತ್ತೇನೆ. ನಿಮ್ಮ ಬಾಗಿಲ ಬಣ್ಣ ನೆನಪಾಗುತ್ತಿಲ್ಲ. ಆ ಹೊಸ್ತಿಲ ಬಳಿ ಕೂತು ಎಷ್ಟೋ ಸಲ ಕಾಫಿ ಕುಡಿದಿದ್ದೇನೆ. ಆಗೆಲ್ಲ ಬೆಟ್ಟವನ್ನಷ್ಟೇ ನೋಡುತ್ತಿದ್ದೆನೇನೋ.

ಹಾಳೆಯ ಆ ಜಾಗ ಇನ್ನೂ ಬಿಳಿಯಾಗಿಯೇ ಇದೆ. ಬಾಗಿಲು ಯಾವ ಬಣ್ಣದ್ದು, ಅಡುಗೆಮನೆ ಕಿಟಕಿ ಯಾವ ಕಡೆಗಿತ್ತು ಎಂದು ದಯವಿಟ್ಟು ತಿಳಿಸಿ.

ಶರ್ಮಿಳಾ

ಈ ಕಾಗದವನ್ನು ಸೋಮವಾರ, ನವೆಂಬರ್ ಮೂರರಂದು ಅಂಚೆಗೆ ಹಾಕುತ್ತೇನೆ.