ಮಾಪುಟ್ಸೊದ ಹೊಲಿಗೆ

ಪ್ರೀತಿಯ ಚಿಕ್ಕಮ್ಮ,

ಮಾಪುಟ್ಸೊ ತಲುಪಿ ಕಾರ್ಖಾನೆ ತಪಾಸಣೆಯ ಕೆಲಸ ಶುರು ಮಾಡಿದ್ದೇನೆ. ನೀವು ಕೊಟ್ಟ ಕಂಬಳಿ ಹೊದ್ದ ಮೇಲೆ ಕೆಮ್ಮು ಇಳಿದಿದೆ.

ನಮ್ಮ ಲೆಸೊಥೊದ ಜೀನ್ಸಿಗೆ ಹೊರದೇಶದವರು ಸುಂಕ ಏರಿಸಿದ ಮೇಲೆ ಇಲ್ಲಿನ ಒಂದು ಕಾರ್ಖಾನೆಗೆ ಬಟ್ಟೆಯೇ ಬಂದಿಲ್ಲ. ಆ ಕಾರ್ಖಾನೆ ನಡೆಯುತ್ತಿದೆ ಎಂದು ನಾನು ನಮ್ಮ ವ್ಯಾಪಾರ ಇಲಾಖೆಗೆ ಹೇಳಿದರೆ ಸುಂಕ ವಿನಾಯಿತಿ ಕೇಳುವಾಗ ಅದರ ಹೆಸರೂ ಸೇರುತ್ತದೆ. ಇಲ್ಲವೆಂದರೆ ಬಾಗಿಲು ಮುಚ್ಚಿದಂತೆಯೇ.

ಒಳಗೆ ಹೋದರೆ ಹೆಂಗಸರು ಮಿಷನ್‌ಗಳ ಮುಂದೆ ಸಾಲಾಗಿ ಕುಳಿತು ಹೊಲಿಯುತ್ತಿದ್ದರು. ಹತ್ತಿರ ಹೋದಾಗಲೇ ಕಂಡದ್ದು, ಸೂಜಿಯಲ್ಲಿ ದಾರವಿಲ್ಲ, ಅದರಡಿ ಬಟ್ಟೆಯಿಲ್ಲ. ಆದರೂ ಕೈಗಳು ಅಂಚು ಮಡಚುತ್ತಿದ್ದವು, ಮೂಲೆ ಬಂದಲ್ಲಿ ನಿಧಾನವಾಗುತ್ತಿದ್ದವು.

"ಏನಮ್ಮಾ ಇದು?" ಎಂದು ಮೇಲ್ವಿಚಾರಕಿ ಪುಸೆಲೆಟ್ಸೊಳನ್ನು ಕೇಳಿದೆ.

"ನಾಳೆ ಆರ್ಡರ್ ಬಂದಾಗ ಇವರ ಕೈ ಮರೆತಿದ್ರೆ ನೀವು ಬಂದು ಹೊಲೀತೀರಾ ಮೇಡಂ? ನಿಮ್ಮ ಬೆರಳು ನೋಡಿದ್ರೆ ಒಂದು ಗುಂಡಿನೂ ಹೊಲಿದ ಹಾಗಿಲ್ಲ."

ಯಾರೂ ನಗಲಿಲ್ಲ. ಒಬ್ಬಳು ಎದ್ದು, ಕಣ್ಣಿಗೆ ಕಾಣದ ಏನನ್ನೋ ಕೊಡವಿ ಮಡಚಿ, ನನ್ನೆದುರು ಹಿಡಿದಳು.

"ನೋಡಕ್ಕಾ, ಹೊಲಿಗೆ ಸರಿಯಾಗಿದ್ಯಾ?"

ಮಿಷನ್‌ಗಳೆಲ್ಲ ಒಟ್ಟಿಗೆ ನಿಂತವು. ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕೆಂದು ನೀವೇ ಕಲಿಸಿದ್ದಲ್ಲವೇ? ಹಾಗೇ ತೆಗೆದುಕೊಂಡೆ. ಚಿಕ್ಕಮ್ಮ, ಅದಕ್ಕೆ ತೂಕವಿತ್ತು. ಈಗಷ್ಟೇ ಸೂಜಿಯಡಿಯಿಂದ ಬಂದ ಬಟ್ಟೆಯಂತೆ ಬೆಚ್ಚಗೂ ಇತ್ತು.

ಕಾರ್ಖಾನೆ ನಡೆಯುತ್ತಿದೆ ಎಂದು ಇಲಾಖೆಗೆ ಫೋನಿನಲ್ಲಿ ಹೇಳಿಬಿಟ್ಟೆ. ಹೇಳಿದ್ದು ಸುಳ್ಳೋ ಅಲ್ಲವೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಕೆನೆವೆ